ದೊಡ್ಡಮ್ಮನ ಭಯಗಳು

ನಮ್ಮ ದೊಡ್ಡಮ್ಮ ಹೆದರದ ವಸ್ತು ಈ ಭೂಮಿಯ ಮೇಲೆ ಇನ್ನೂ ತಯಾರಾಗಿಲ್ಲ. ಕುಕ್ಕರ್ ಇಟ್ಟರೆ ಕೊನೆಯ ಸೀಟಿ ಮುಗಿಯುವವರೆಗೂ ಅಂಗಳದಲ್ಲಿ ನಿಂತಿರುತ್ತಾಳೆ. ಸ್ವಿಚ್ ಒತ್ತಬೇಕಾದರೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾಳೆ. ಫೋನಿನಲ್ಲಿ "ಎಲ್ಲಾ ಚೆನ್ನಾಗಿದ್ದೀವಿ ದೊಡ್ಡಮ್ಮ" ಅಂದರೆ ಆ ಕಡೆಯಿಂದ ಮೆಲ್ಲಗೆ, "ಯಾಕೆ, ಏನಾಯ್ತು?" ಅನ್ನುತ್ತಾಳೆ.

ಒಮ್ಮೆ ಹೊಸಕೋಟೆಯಲ್ಲಿ ನೆಂಟರ ಮದುವೆ. ಛತ್ರದೊಳಗೆ ಬಂದವಳೇ ತಲೆಯೆತ್ತಿ ಫ್ಯಾನುಗಳನ್ನು ನೋಡಿದಳು. ಯಾವ ಫ್ಯಾನೂ ಮೇಲೆ ಬೀಳಲಾಗದ ಜಾಗ ಹುಡುಕುತ್ತ ಹುಡುಕುತ್ತ ಕೊನೆಗೆ ವಾಲಗದವರ ಪಕ್ಕದಲ್ಲೇ ಕೂತಳು. ಮುಹೂರ್ತ ಮುಗಿದ ಮೇಲೆ ಅವಳಿಗೆ ನಾವು ಏನು ಹೇಳಿದರೂ ಕೇಳಿಸಲಿಲ್ಲ. "ಕಿವಿ ಹೋದ್ರೆ ಹೋಗ್ಲಿ ಬಿಡು, ತಲೆ ಉಳೀತಲ್ಲ" ಅಂದಳು.

ಇಂಥವಳನ್ನು, ಮೊದಲೇ ಹೆದರಿ ನಡುಗುತ್ತಿರುವ ಮಗುವಿನ ಹತ್ತಿರ ಯಾರಾದರೂ ಬಿಡುತ್ತಾರೆಯೇ?

ಹೋದ ವರ್ಷ ನಮ್ಮ ಮನೆಯಲ್ಲಿ ಅಂಥ ಮಗುವಿತ್ತು. ನಾವಿರುವುದು ಅರಿಶಿನಕುಂಟೆಯಲ್ಲಿ. ನಾನೂ ನಮ್ಮ ಯಜಮಾನರೂ ಇಬ್ಬರೂ ಕೆಲಸಕ್ಕೆ ಹೋಗುವವರು. ಮಗಳು ಸಿಂಚನಳನ್ನು ಆರನೇ ತರಗತಿಗೆ ಹೊಸ ಶಾಲೆಗೆ ಸೇರಿಸಿದ್ದೆವು. ದಸರಾ ರಜೆ ಮುಗಿದದ್ದೇ ತಡ, ದಿನಾ ಬೆಳಿಗ್ಗೆ ಹೊಟ್ಟೆನೋವು ಶುರುವಾಯಿತು. ಯೂನಿಫಾರಂ ಹಾಕುವಾಗ ನೋವು, ಶೂ ಹಾಕುವಾಗ ವಾಂತಿ. ನೆಲಮಂಗಲದ ಡಾಕ್ಟರು ಸ್ಕ್ಯಾನ್ ಮಾಡಿಸಿ, ಹೊಟ್ಟೆಯಲ್ಲಿ ಏನೂ ತೊಂದರೆಯಿಲ್ಲ ಅಂದರು. ಒಂದು ದಿನ ತಲೆ ಬಾಚುವಾಗ ನೋಡುತ್ತೇನೆ, ಅವಳ ಎಡ ಹುಬ್ಬು ಅರ್ಧ ಇರಲೇ ಇಲ್ಲ. ಕೂತಲ್ಲೇ ಒಂದೊಂದೇ ಕೂದಲು ಕಿತ್ತುಕೊಳ್ಳುತ್ತಿದ್ದಳಂತೆ. ಬಾಚಣಿಗೆ ಅಲ್ಲೇ ಬಿಟ್ಟು ಮತ್ತೆ ಡಾಕ್ಟರ ಹತ್ತಿರ ಓಡಿದೆವು.

ಡಾಕ್ಟರು ಮಕ್ಕಳ ಆಪ್ತಸಮಾಲೋಚಕಿಯೊಬ್ಬರ ಹತ್ತಿರ ಕಳಿಸಿದರು. ಒಳ್ಳೆಯ ಹೆಂಗಸು. ಅವಸರ ಮಾಡಬೇಡಿ, ನಿಧಾನವಾಗಿ ಆಗುವ ಕೆಲಸ ಇದು ಅಂದರು. ಆದರೆ ಅವರ ಮುಂದೆಯೂ ಸಿಂಚನ ಬಾಯಿ ಬಿಡಲಿಲ್ಲ. ಮನೆಯಲ್ಲಿ ಟಿವಿ ಹಾಕುವುದನ್ನೂ ಬಿಟ್ಟೆವು. ಬೆಳಗಾಗುವುದೆಂದರೆ ಮೂವರಿಗೂ ಭಯ.

ಸುದ್ದಿ ತ್ಯಾಮಗೊಂಡ್ಲಿನಲ್ಲಿದ್ದ ದೊಡ್ಡಮ್ಮನಿಗೆ ಮುಟ್ಟಿತು. "ದಯವಿಟ್ಟು ಬರಬೇಡಿ ಅಂತ ಹೇಳು. ಇರೋ ಭಯ ಸಾಲ್ದಾ?" ಅಂದರು ಯಜಮಾನರು. ನಾನು ಹೇಳುವ ಮೊದಲೇ ಅವಳು ಬಸ್ಸು ಹತ್ತಿಯಾಗಿತ್ತು. ಡ್ರೈವರಿಗೆ ನಿದ್ದೆ ಬಂದರೇನು ಗತಿ ಅಂತ ಅವನ ಹಿಂದಿನ ಸೀಟಿನಲ್ಲೇ ಕೂತು ದಾರಿಯುದ್ದಕ್ಕೂ ಮಾತಾಡಿಸಿಕೊಂಡು ಬಂದಿದ್ದಳು. ಕರೆದುಕೊಂಡು ಬರಲು ಸ್ಟಾಪಿಗೆ ಹೋದ ಯಜಮಾನರಿಗೆ ಆ ಡ್ರೈವರ್ ಕಿಟಕಿಯಿಂದ ತಲೆ ಹೊರಹಾಕಿ, "ಸಾರ್, ವಾಪಸ್ ಹೋಗುವಾಗ ಅಜ್ಜಿನ ಬೇರೆ ಬಸ್ಸಿಗೆ ಹತ್ಸಿ ಸಾರ್" ಅಂದನಂತೆ.

ಮರುದಿನ ಬೆಳಿಗ್ಗೆ ಸಿಂಚನ ಎಂದಿನಂತೆ ಬಚ್ಚಲುಮನೆಯ ಹೊಸ್ತಿಲ ಹತ್ತಿರ ಹೊಟ್ಟೆ ಹಿಡಿದುಕೊಂಡು ಕೂತಳು. "ಏನೂ ಆಗಲ್ಲ ಕಣಮ್ಮ, ಏಳು" ಅಂದರು ಯಜಮಾನರು.

"ಏನೂ ಆಗಲ್ಲ ಅಂತ ನಿಮ್ಗ್ಯಾರಪ್ಪಾ ಹೇಳಿದ್ದು?" ಅಂದಳು ದೊಡ್ಡಮ್ಮ.

ಮುಗಿಯಿತು ಕಥೆ ಅಂದುಕೊಂಡೆ. ದೊಡ್ಡಮ್ಮ ಗೋಡೆ ಹಿಡಿದುಕೊಂಡು ಮೆಲ್ಲಗೆ ಅವಳ ಪಕ್ಕ ನೆಲದ ಮೇಲೆ ಕೂತಳು.

"ಹೊಟ್ಟೇಲಿ ಹೆಂಗಾಗ್ತದೆ? ಹಿಂಡ್ದಂಗಾ, ಕಿವುಚ್ದಂಗಾ?"

"ಹಿಂಡ್ದಂಗೆ."

"ನಂಗೆ ಕಿವುಚ್ದಂಗೆ. ಕೈನೂ ತಣ್ಣಗಾಗ್ತದೆ. ನಿಮ್ಮಮ್ಮ ಈಗ ಕುಕ್ಕರ್ ಇಟ್ಟವ್ಳೆ, ನನ್ ಕೈ ಮುಟ್ಟಿ ನೋಡು."

ಸಿಂಚನ ಮುಟ್ಟಿ ನೋಡಿದಳು. ಕೈ ತಣ್ಣಗಿತ್ತು ಅಂತ ಕಾಣುತ್ತದೆ, ಬಿಡಲಿಲ್ಲ, ಹಿಡಿದುಕೊಂಡೇ ಕೂತಳು.

"ಇಸ್ಕೂಲಲ್ಲಿ ಏನಾಗ್ತದೆ ಅಂತ ಭಯ ನಿಂಗೆ?"

ಸಿಂಚನ ದೊಡ್ಡಮ್ಮನ ಬಳೆ ತಿರುಗಿಸುತ್ತ, "ಎದ್ದು ನಿಂತು ಓದು ಅಂತಾರೆ. ಧ್ವನಿ ಬರಲ್ಲ. ಎಲ್ರೂ ನಗ್ತಾರೆ" ಅಂದಳು.

"ಆಮೇಲೆ?"

"ಅಳು ಬರುತ್ತೆ. ಇನ್ನೂ ನಗ್ತಾರೆ. ಬ್ರೇಕಲ್ಲಿ ನನ್ ಥರ ನಿಂತ್ಕೊಂಡು ಆಕ್ಟ್ ಮಾಡಿ ತೋರಿಸ್ತಾರೆ."

"ಹಂಗಾದ್ರೆ ಭಯ ಆಗೋದೇ ಬಿಡು. ನಂಗಾದ್ರೆ ಜ್ವರಾನೇ ಬಂದ್ಬಿಡ್ತಿತ್ತು."

ನಾನು ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದೆ. ವಾರಗಟ್ಟಲೆ ನಾವು ಧೈರ್ಯ ಹೇಳಿದರೂ ಹೊರಬರದ ಮಾತು ಅದು. ಅವತ್ತೇ ನಾನೂ ಯಜಮಾನರೂ ಶಾಲೆಗೆ ಹೋದೆವು. ಕ್ಲಾಸ್ ಟೀಚರಿಗೆ ಬ್ರೇಕಿನ ವಿಷಯ ಗೊತ್ತೇ ಇರಲಿಲ್ಲ. ಸದ್ಯಕ್ಕೆ ಎದ್ದು ನಿಲ್ಲಿಸುವುದಿಲ್ಲ, ನನ್ನ ಪಕ್ಕ ಕೂರಿಸಿಕೊಂಡು ಓದಿಸುತ್ತೇನೆ ಅಂದರು. ಅಣಕಿಸಿದ ಮಕ್ಕಳ ಜೊತೆಯೂ ಕೂತು ಮಾತಾಡಿದರು. ಆಪ್ತಸಮಾಲೋಚಕಿ, ಕೆಲವು ದಿನ ಗೇಟಿನವರೆಗೆ ಹೋಗಿ ಬಂದರೆ ಸಾಕು, ಆಮೇಲೆ ಒಂದು ಪೀರಿಯಡ್, ಹಾಗೇ ಮುಂದಕ್ಕೆ ಅಂದರು.

ಗೇಟಿನವರೆಗೆ ಕರೆದುಕೊಂಡು ಹೋಗಲು ಮನೆಯಲ್ಲಿ ಬಿಡುವಾಗಿದ್ದವಳು ದೊಡ್ಡಮ್ಮ ಒಬ್ಬಳೇ. ಶಾಲೆಯಿರುವುದು ಸರ್ವಿಸ್ ರೋಡಿನ ಆಚೆ. ಮೊದಲ ದಿನ ನಾನು ಹಿಂದೆ ಹಿಂದೆಯೇ ಹೋದೆ. ರಸ್ತೆಯ ಅಂಚಿಗೆ ಬಂದದ್ದೇ ದೊಡ್ಡಮ್ಮ ಕಣ್ಣು ಮುಚ್ಚಿ ನಿಂತುಬಿಟ್ಟಳು. "ನೀ ಹೋಗವ್ವ, ನನ್ ಕೈಲಾಗಲ್ಲ."

ಸಿಂಚನ ಒಮ್ಮೆ ಅವಳನ್ನು ನೋಡಿದಳು, ಒಮ್ಮೆ ರಸ್ತೆಯನ್ನು ನೋಡಿದಳು. "ಅಜ್ಜಿ, ಕಣ್ಣು ಬಿಡು. ಈ ಲಾರಿ ಹೋಗ್ಲಿ. ಇನ್ನೊಂದು ಟೆಂಪೋ ಇದೆ, ತಡಿ. ಈಗ ಬಾ." ಕೈಹಿಡಿದು ದಾಟಿಸಿದಳು. ಅದೆಲ್ಲ ದೊಡ್ಡಮ್ಮ ಬೇಕೆಂದೇ ಮಾಡಿದ ನಾಟಕ ಅಂತ ಯಜಮಾನರು ಇವತ್ತಿಗೂ ನಂಬಿದ್ದಾರೆ. ಆಚೆ ಬದಿಯಲ್ಲಿ ಅವಳು ಶಾಲೆಯ ಗೇಟನ್ನು ತಬ್ಬಿ ನಿಂತದ್ದನ್ನು ನಾನು ನೋಡಿದ್ದೇನೆ.

ಸಿಂಚನ ಒಳಗೆ ಕೂರಲು ಶುರುಮಾಡಿದ ಮೇಲೆ ದೊಡ್ಡಮ್ಮ ಗೇಟಿನ ಬಳಿ ವಾಚ್‌ಮನ್ನನ ಪಕ್ಕ ಕೂತಿರುತ್ತಿದ್ದಳು. ಮೇಲಿನ ನೀರಿನ ಟ್ಯಾಂಕು ಬೀಳಲ್ವಾ ಅಂತ ದಿನಾ ಕೇಳಿ ಕೇಳಿ, ಕೊನೆಗೆ ಅವನೂ ಅದರ ನೆರಳಿನಲ್ಲಿ ಸೈಕಲ್ ನಿಲ್ಲಿಸುವುದನ್ನು ಬಿಟ್ಟ.

ಎಲ್ಲ ಸರಿಹೋಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಹುಬ್ಬು ಬೆಳೆಯಿತು. ಪರೀಕ್ಷೆ ಬಂದಾಗ ಮತ್ತೆ ಹೋಯಿತು. ಈಗಲೂ ಕೆಲವು ಬೆಳಿಗ್ಗೆ ಅವಳು ತಿಂಡಿ ಮುಟ್ಟುವುದಿಲ್ಲ. ಆದರೆ ಯಾಕೆ ಅಂತ ಹೇಳುತ್ತಾಳೆ.

ಅವರೆಕಾಯಿ ಕಾಲದ ಒಂದು ಶನಿವಾರ. ದೊಡ್ಡಮ್ಮ ನಡುಮನೆಯಲ್ಲಿ ಕೂತು ಕಾಯಿ ಸುಲಿಯುತ್ತಿದ್ದಳು. ನಾನೂ ಜೊತೆಗಿದ್ದೆ.

"ಅಲ್ಲ ದೊಡ್ಡಮ್ಮ, ಯಾವಾಗ್ಲಿಂದ ನಿಂಗೆ ಹಿಂಗೆ?" ಅಂತ ತಮಾಷೆಗೆ ಕೇಳಿದೆ.

"ನಾನೂ ಇಸ್ಕೂಲಿಗೆ ಹೋಗೋವಾಗ ಹಿಂಗೇ ಹೊಟ್ಟೆ ಹಿಡ್ಕೊಂಡು ಕೂತ್ಕೋತಿದ್ದೆ ಕಣೆ" ಅಂದಳು, ಕಾಯಿಯಿಂದ ತಲೆಯೆತ್ತದೆ. "ನಮ್ಮಪ್ಪ ಹೊಡೀಲಿಲ್ಲ, ಬೈಲಿಲ್ಲ. ಹೆಣ್ಮಗು ತಾನೆ, ಮನೇಲಿರ್ಲಿ ಬಿಡಿ ಅಂದ್ರು. ಅಲ್ಲಿಗೆ ಮುಗೀತು. ಯಾಕೆ ಹೋಗಲ್ಲ ಅಂತ ಒಬ್ರೂ ಕೇಳ್ಲಿಲ್ಲ. ಕೇಳ್ತಾರೇನೋ ಅಂತ ಒಂದಷ್ಟು ದಿನ ಬಾಗಿಲ ಹತ್ರಾನೇ ಕೂತಿರ್ತಿದ್ದೆ."

ನಾನು ಸುಲಿದ ಕಾಳನ್ನು ಸಿಪ್ಪೆಯ ರಾಶಿಗೆ ಹಾಕಿದೆ.

ಅರ್ಧ ದಿನದ ಶಾಲೆ ಮುಗಿಸಿ ಬಂದ ಸಿಂಚನ ಬಾಗಿಲಲ್ಲಿ ನಿಂತು ಇದನ್ನು ಕೇಳಿಸಿಕೊಂಡಿದ್ದಳು. ಬ್ಯಾಗನ್ನೂ ಇಳಿಸದೆ ಬಂದು ದೊಡ್ಡಮ್ಮನ ಎದುರು ಕೂತಳು.

"ಯಾಕೆ ಹೋಗ್ತಿರ್ಲಿಲ್ಲ ಅಜ್ಜಿ?"

ದೊಡ್ಡಮ್ಮನ ಕೈ ನಿಂತಿತು. ಅವಳು ಮಗುವಿನ ಮುಖವನ್ನು ನೋಡಿದಳು, ನನ್ನ ಕಡೆ ನೋಡಿದಳು, ಮತ್ತೆ ಮಗುವಿನ ಮುಖವನ್ನು ನೋಡಿದಳು. ಏನೋ ಹೇಳಲು ತುಟಿ ತೆರೆದಳು. ಧ್ವನಿ ಬರಲಿಲ್ಲ.

ಸಿಂಚನ ಒಂದು ಕಾಯಿ ಎತ್ತಿಕೊಂಡು ಸುಲಿಯುತ್ತ, ಕಾದಳು.