ಏಳನೆಯ ಅಧ್ಯಾಯದ ನೀರುಳ್ಳಿ ಬಜೆ

ಪುಸ್ತಕ ಬರೆಯುವುದು ಸುಲಭ. ಬರೆದ ಮೇಲೆ ಓದುಗರ ಕೈಗೆ ಸಿಗದೆ ಗುರುವಾಯನಕೆರೆ ಪೇಟೆಯಿಂದ ಒಂದು ಕಟ್ಟು ಬಸಳೆ ತರುವುದಿದೆಯಲ್ಲ, ಅದು ಕಷ್ಟ.

ನಿವೃತ್ತನಾದ ಮೇಲೆ ನಾನು ‘ಊರಿಗೊಂದು ಟೋಪಿ’ ಎಂಬ ನಗೆಪುಸ್ತಕ ಬರೆದೆ. ನಮ್ಮ ನಡುವಿನ ಸಣ್ಣಪುಟ್ಟ ಮೋಸಗಳ ಮೇಲೆ ಹನ್ನೊಂದು ಅಧ್ಯಾಯ. ಓದಿದವರು ನಾಚಿ ತಲೆತಗ್ಗಿಸಬೇಕು, ಸಮಾಜ ಉದ್ಧಾರವಾಗಬೇಕು ಎಂಬುದು ನನ್ನ ಮಹದಾಶಯ. (ಮೂವತ್ತು ವರ್ಷ ಮೇಷ್ಟ್ರಾಗಿದ್ದವನಿಗೆ ಈ ಭ್ರಮೆ ಸುಲಭದಲ್ಲಿ ಬಿಡುವುದಿಲ್ಲ.) ಒಬ್ಬರೂ ನಾಚಲಿಲ್ಲ. ಎಲ್ಲರೂ ನನ್ನ ತಪ್ಪು ತಿದ್ದಲು ಬಂದರು.

ಮೊದಲು ಬಂದವನು ಮೂಡುಬಿದಿರೆ ಬಸ್ಸಿನ ಕಂಡಕ್ಟರ್ ಶೇಷಪ್ಪ. ಹೊರಡಲು ಅರ್ಧ ಗಂಟೆ ಇರುವಾಗಲೇ ಬಸ್ಸನ್ನು ಎರಡಡಿ ಮುಂದೆ ತಂದು, ಇನ್ನೇನು ಹೊರಟಿತೆಂದು ಜನರನ್ನು ಓಡಿಸಿ ಹತ್ತಿಸಿಕೊಳ್ಳುವುದನ್ನು ಎರಡನೆಯ ಅಧ್ಯಾಯದಲ್ಲಿ ಬರೆದಿದ್ದೆ.

“ಮಾಷ್ಟ್ರೆ, ಬರೇ ಮುಂದೆ ತಂದ್ರೆ ಆಗುವುದಿಲ್ಲ. ಎರಡಡಿ ಮುಂದೆ, ಮತ್ತೆ ಎರಡಡಿ ಹಿಂದೆ. ಇನ್ನೊಮ್ಮೆ ಪ್ರಿಂಟ್ ಮಾಡುವಾಗ ಸರಿ ಮಾಡಿ” ಎಂದ.

ಬೆಳ್ತಂಗಡಿಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ನನ್ನ ಹೆಂಡತಿಯ ತಮ್ಮ ಅಭಿನಂದನ್ ಮುಖ ಊದಿಸಿಕೊಂಡು ಬಂದ. “ಇಪ್ಪತ್ತು ವರ್ಷದಿಂದ ‘ಇದೊಂದೇ ಪೀಸ್ ಉಳಿದದ್ದು’ ಅಂತ ಹೇಳಿ ಮಾರ್ತಾ ಇದ್ದೇನೆ ಭಾವ. ನನ್ನ ಬಗ್ಗೆ ಒಂದು ಸಾಲು ಬರೆಯಲಿಕ್ಕೆ ಆಗ್ಲಿಲ್ವಾ ನಿಮಗೆ?”

ಇದನ್ನೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ಏಳನೆಯ ಅಧ್ಯಾಯದ ಹೊಗಳಿಕೆ. ಮೆಲ್ಕಾರಿನ ಉಪನ್ಯಾಸಕಿ ಮಿಸ್ರಿಯಾ ಫೋನ್ ಮಾಡಿ, “ಸರ್, ಆ ಬಿಸಿಬಿಸಿ ಕರಿದ ನೀರುಳ್ಳಿ ಬಜೆ ಓದುವಾಗ ಬಾಯಲ್ಲಿ ನೀರು ಬಂತು. ಅನುಭವ ಇಲ್ಲದೆ ಹಾಗೆ ಬರೆಯಲಿಕ್ಕೆ ಸಾಧ್ಯ ಇಲ್ಲ” ಎಂದಳು. ನಾನು ಕೂಡಲೇ ಫೋನ್ ಹಿಡಿದುಕೊಂಡು ಅಂಗಳಕ್ಕೆ ಓಡಿದೆ.

ಏಕೆಂದರೆ ನಾವು ಜೈನರು. ನಮ್ಮ ಮನೆಯೊಳಗೆ ನೀರುಳ್ಳಿ ಬರುವುದಿಲ್ಲ. ಹೋದ ಚಾತುರ್ಮಾಸದಲ್ಲಿ, ಇನ್ನು ಹೊರಗೂ ಮುಟ್ಟುವುದಿಲ್ಲವೆಂದು ಬಸದಿಯಲ್ಲಿ ಎಲ್ಲರೆದುರು ನಾನು ನಿಯಮ ತೆಗೆದುಕೊಂಡಿದ್ದೆ. ನನ್ನ ಹೆಂಡತಿ ಪ್ರಭಾವತಿ ಅದನ್ನು ಹೆಮ್ಮೆಯಿಂದ ಸಮಸ್ತ ಬಂಧುಬಳಗಕ್ಕೆ ಸಾರಿದ್ದಳು. ಏಳನೆಯ ಅಧ್ಯಾಯದ ನಾಯಕ ನನ್ನ ‘ಒಬ್ಬ ಸ್ನೇಹಿತ’. ಸಂಜೆ ವಾಕಿಂಗ್ ಎಂದು ಹೊರಟು, ಹೋಟೆಲಿನ ಹಿಂದಿನ ಬೆಂಚಿನಲ್ಲಿ ಕೂತು ಗಡಿಬಿಡಿಯಲ್ಲಿ ನೀರುಳ್ಳಿ ಬಜೆ ತಿಂದು, ವಾಸನೆ ಹೋಗಲು ನಾಲ್ಕು ಏಲಕ್ಕಿ ಜಗಿದು ಮನೆಗೆ ಮರಳುವ ಧರ್ಮಾತ್ಮ. ಆ ಸ್ನೇಹಿತ ಯಾರೆಂದು ನಿಮಗೆ ಹೇಳಬೇಕಾಗಿಲ್ಲ.

ಪ್ರಭಾವತಿಗೆ ಗೊತ್ತಾದರೆ ನನ್ನ ಮರ್ಯಾದೆ ಮೂರು ಕಾಸಿಗೆ. ಹಾಗಾಗಿ ಅವಳ ಪ್ರತಿಯಲ್ಲಿ ಆ ಹಾಳೆಗಳನ್ನು ಗಂಜಿ ಹಚ್ಚಿ ಅಂಟಿಸಿ, ಪ್ರೆಸ್ಸಿನವರ ತಪ್ಪು ಎಂದು ಕೊಟ್ಟಿದ್ದೆ.

ಹದಿನೈದು ದಿನ ಓದಿ, ಮೊನ್ನೆ ಮಧ್ಯಾಹ್ನ ಪುಸ್ತಕ ಮುಚ್ಚಿಟ್ಟಳು.

“ಹೇಗುಂಟು?” ಎಂದೆ.

“ಒಳ್ಳೆದುಂಟು. ಏಳನೆಯದರಲ್ಲಿ ಮಾತ್ರ ಒಂದು ತಪ್ಪುಂಟು.”

“ಅದು ಅಂಟಿಕೊಂಡಿತ್ತಲ್ಲ?”

“ಗಂಜಿ ಅಲ್ವಾ? ಇಡ್ಲಿ ಬೇಯುವಾಗ ಆವಿಗೆ ಹಿಡಿದೆ, ಬಿಟ್ಟಿತು.”

“ಅದು ನನ್ನ ಸ್ನೇಹಿತನ ಕಥೆ.”

“ನಿಮ್ಮ ಸ್ನೇಹಿತ ತಿಂದದ್ದು ನೀರುಳ್ಳಿ ಅಲ್ಲ. ಯಾಕೂಬರ ಹತ್ರ ಕೇಳಿ ನೋಡಿ” ಎಂದು ಒಳಗೆ ಹೋದಳು.

ಯಾಕೂಬ್ ನನ್ನ ಹಳೆಯ ಶಿಷ್ಯ. ಹೋಟೆಲ್ ಅವನದೇ. ನನ್ನನ್ನು ಕಂಡದ್ದೇ ಎಂದಿನಂತೆ ಪ್ಲೇಟ್ ತಂದಿಟ್ಟ.

“ಸತ್ಯ ಹೇಳು ಮಾರಾಯ, ಇದು ಎಂತದು?”

ಅವನು ತಲೆ ಕೆರೆದುಕೊಂಡ. “ಬೇಜಾರು ಮಾಡಬೇಡಿ ಮಾಷ್ಟ್ರೆ. ನೀವು ನಿಯಮ ತೆಗೆದುಕೊಂಡ ಮೇಲೆ ಇಲ್ಲಿ ಬಂದ ಎರಡನೇ ದಿನವೇ ಅಕ್ಕ ಫೋನ್ ಮಾಡಿದ್ರು. ಪಾಯಸ ಮಾಡದ ದಿನ ನಿಮ್ಮ ಬಾಯಲ್ಲಿ ಏಲಕ್ಕಿ ಪರಿಮಳ ಅಂತೆ. ‘ಅವರ ನಿಯಮ ಮುರಿಯಬಾರದು, ಅವರಿಗೆ ಗೊತ್ತೂ ಆಗಬಾರದು’ ಅಂದ್ರು. ಅಂದಿನಿಂದ ನಿಮಗೆ ಬೇರೆ ಬಾಣಲೆಯಲ್ಲಿ ಕ್ಯಾಬೇಜ್ ಬಜೆ.”

ಕ್ಯಾಬೇಜ್! ಮೋಸದ ಬಗ್ಗೆ ಗ್ರಂಥ ಬರೆದ ನಾನು ತಿಂಗಳುಗಟ್ಟಲೆ ಕ್ಯಾಬೇಜ್ ತಿಂದು, ನೀರುಳ್ಳಿಯ ರುಚಿಯ ಮೇಲೆ ಒಂಬತ್ತು ಪುಟ ಬರೆದಿದ್ದೆ. ಮಿಸ್ರಿಯಾ ಮೆಚ್ಚಿದ ಅನುಭವ ಇದು. ಸಿಟ್ಟು ಬಂತು. ಪಾಪ ಮಾಡಿದ್ದಕ್ಕೆ ಬೈಸಿಕೊಳ್ಳಬಹುದು, ಮಾಡಿದ ಪಾಪವೂ ನಮ್ಮದಲ್ಲ ಎಂದಾದರೆ ಮನುಷ್ಯನಿಗೆ ಉಳಿಯುವುದೇನು?

ಪ್ಲೇಟಿನಲ್ಲಿದ್ದುದನ್ನು ಮುಗಿಸಿ ಎದ್ದೆ. ಅಭ್ಯಾಸಬಲದಿಂದ ಕೈ ಜೇಬಿಗೆ ಹೋಯಿತು. ಏಲಕ್ಕಿ ಇರಲಿಲ್ಲ. ಪ್ರಭಾವತಿಯ ಅಕ್ಷರದ ಒಂದು ಚೀಟಿ ಇತ್ತು:

‘ಬರುವಾಗ ಐವತ್ತು ಗ್ರಾಂ ಏಲಕ್ಕಿ ತನ್ನಿ. ಡಬ್ಬದಲ್ಲಿದ್ದುದನ್ನು ನಿಮ್ಮ ಸ್ನೇಹಿತ ಮುಗಿಸಿದ್ದಾನೆ.’