ನೆಲಮಾಳಿಗೆಯ ರೋಮ್

ನನ್ನ ಸೋದರಮಾವನ ಪ್ರಕಾರ ರೋಮ್ ಸಾಮ್ರಾಜ್ಯ ಇನ್ನೂ ಬಿದ್ದಿಲ್ಲ. ಅದು ಸ್ವೀಡನ್ನಿನ ಮಾಲ್ಮೋದಲ್ಲಿ, ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಸುಖವಾಗಿದೆ!

ಮಾಮ ಇಲ್ಲಿ ಸಾಫ್ಟ್‌ವೇರ್ ಟೆಸ್ಟರ್. ನಾನು ಪಿಎಚ್‌ಡಿ ಮಾಡುತ್ತಾ ಅವನ ಬಾಡಿಗೆ ಮನೆಯಲ್ಲೇ ಇದ್ದೇನೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಗಳನ್ನು ಅಳಿಸಿದವಳು ನಾನು. ಮಾಮನ ಮುಂದೆ ಮಾತ್ರ ಯಾವ ಪಕ್ಷದಲ್ಲಿ ವಾದಿಸುತ್ತಿದ್ದೇನೆಂಬುದೇ ಮರೆತುಹೋಗುತ್ತದೆ.

"ಬೋರ್ಡ್ ನೋಡೇ," ಎನ್ನುತ್ತಾನೆ. ಆ ಕೋಣೆಯ ಗೋಡೆಯ ಮೇಲೆ ದಿನ, ಹೊತ್ತು ಬರೆದ ಬೋರ್ಡು; ಮನೆಗೊಂದು ಪುಟ್ಟ ಬೀಗ. ಅದನ್ನು ಬೋರ್ಡಿನ ಯಾವ ಹೊತ್ತಿಗೆ ಸಿಕ್ಕಿಸುತ್ತೀರೋ ಆ ಹೊತ್ತು ಮೆಷಿನ್ ನಿಮ್ಮದು. "ಮಾಲೀಕ ಬಂದ್ರೂ ಕಾಯ್ಬೇಕು. ವ್ಯಕ್ತಿಗಿಂತ ಕಾನೂನು ದೊಡ್ಡದು. ಇದೇ ರೋಮ್."

"ರೋಮ್‌ನಲ್ಲಿ ಗುಲಾಮರಿದ್ರಲ್ಲ ಮಾಮ, ಅವರಿಗೆ ಯಾವ ಬೀಗ?"

"ಅವರೇ ಮೆಷಿನ್ನು," ಎಂದು ಶಾಂತವಾಗಿ ಹೇಳಿ, ನನ್ನ ಬಟ್ಟೆಬುಟ್ಟಿಯನ್ನೂ ಹೊತ್ತುಕೊಂಡು ಹೋದ. ಇದು ಅವನು ಸೋಲೊಪ್ಪಿಕೊಂಡದ್ದೋ, ನನ್ನನ್ನು ಸೋಲಿಸಿದ್ದೋ? ಇವತ್ತಿಗೂ ಗೊತ್ತಿಲ್ಲ.

ಅವನ ನಿಘಂಟಿನಲ್ಲಿ ರೋಮ್‌ಗೆ ವಿರುದ್ಧಪದ ಪಾಳೇಗಾರ. ಇಲ್ಲಿನ ಕನ್ನಡಿಗರೊಬ್ಬರು ಸಣ್ಣ ಕಂಪನಿ ನಡೆಸುತ್ತಾರೆ. ಕೆಲಸ ಕೊಡುತ್ತಾರೆ, ಆದರೆ ಶನಿವಾರ ಅವರ ಮಗನಿಗೆ ಗಣಿತ ಹೇಳಿಕೊಡಬೇಕು, ಅವರ ತಾಯಿಯನ್ನು ಏರ್‌ಪೋರ್ಟಿನಿಂದ ಕರೆತರಬೇಕು. ಮಾಮ ಪಾಳೇಗಾರ ಅನ್ನುವುದು ಅವರಿಗೇ.

"ಯೂರೋಪಲ್ಲಿ ಪಾಳೇಗಾರಿಕೆ ಹೀಗೇ ಶುರುವಾಗಿದ್ದು," ಕಾಫಿ ಹಿಡಿದು ಮಾಮ ವಿವರಿಸಿದ. "ಕಾಪಾಡೋಕೆ ಸಾಮ್ರಾಟ ಇಲ್ಲ. ಬಲವಾದವನ ಮುಂದೆ ಮಂಡಿಯೂರಿ, ಮುಗಿದ ಕೈಗಳನ್ನ ಅವನ ಎರಡು ಕೈ ನಡುವೆ ಇಡೋದು. ನಾನು ನಿಮ್ಮವನು ಅನ್ನೋದು."

"ಬುದ್ಧಿ ಇರೋರು ಯಾರು ಹಾಗ್ ಮಾಡ್ತಾರೆ? ಒಂದು ಕಾರಣ ಕೊಡು."

ಮಾಮ ಎದ್ದು ಕಪ್ ತೊಳೆಯಲು ಹೋದ. ಗೆದ್ದೆ ಅಂದುಕೊಂಡೆ.

ಎರಡು ವಾರದ ಮೇಲೆ ಕನ್ನಡಿಗರ ಯುಗಾದಿ ಊಟ. ಕೋಟು ಹುಡುಕಲು ಹೋದವಳು ನೋಡುತ್ತೇನೆ, ಮಾಮ ಪಾಳೇಗಾರರೆದುರು ಕೈಮುಗಿದು ನಿಂತಿದ್ದಾನೆ. ಅವರು ಆ ಮುಗಿದ ಕೈಗಳನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದು, "ಚಿಂತೆ ಬಿಡಿ, ನಮ್ಮವರಾದ್ರಲ್ಲ ನೀವು," ಎನ್ನುತ್ತಿದ್ದಾರೆ.

ಬಸ್ಸಿನಲ್ಲಿ ಜಗಳ ತೆಗೆದೆ. "ಮಂಡಿಯೂರೋದೊಂದೇ ಬಾಕಿ ಇತ್ತು."

"ಕೆಲಸ ಹೋಗಿ ಎರಡು ತಿಂಗಳಾಯ್ತು ಕಣೇ."

"ಮತ್ತೆ ದಿನಾ ಡಬ್ಬಿ ಕಟ್ಕೊಂಡು ಎಲ್ಲಿಗೆ ಹೋಗ್ತಿದ್ದೆ?"

"ಲೈಬ್ರರಿಗೆ. ರೋಮ್ ಬಗ್ಗೆ ಇಷ್ಟೊಂದು ಇನ್ನೆಲ್ಲಿ ಓದ್ಲಿ?" ಎಂದ. ಆಮೇಲೆ ಮೆಲ್ಲಗೆ, "ಕೆಲಸ ಹೋದ ಮೂರು ತಿಂಗಳೊಳಗೆ ಬೇರೆ ಸಿಗದಿದ್ರೆ ಇಲ್ಲಿರೋ ಪರ್ಮಿಟ್ ಇಲ್ಲ. ನಾನು ಹೋದ್ರೆ ಮನೆನೂ ಹೋಗುತ್ತೆ. ನಿನ್ನ ಥೀಸಿಸ್ ಇನ್ನೂ ಒಂದು ವರ್ಷ ಇದೆ." ಕಿಟಕಿಯ ಕಡೆ ತಿರುಗಿದ. "ಕಾರಣ ಕೇಳಿದ್ಯಲ್ಲ."

ಆ ಶನಿವಾರ ಮಾಮ ಗಣಿತ ಹೇಳಿಕೊಡಲು ಹೋದ. ಅವನ ಬಟ್ಟೆ ಒಗೆಯುವ ಹೊತ್ತೂ ಅದೇ. ನಾನು ಕೆಳಗಿಳಿದು ಅವನ ಅಂಗಿಗಳನ್ನು ಒಗೆದು, ಒಣಗಿಸಿ, ಮಡಚಿಟ್ಟೆ. ಸಂಜೆ ಸುಸ್ತಾಗಿ ಬಂದವನು ಅವನ್ನು ನೋಡಿ ಬಾಗಿಲಲ್ಲೇ ನಿಂತ.

"ನಿನ್ನ ಬೀಗ ಬೋರ್ಡಲ್ಲೇ ಇತ್ತು ಮಾಮ," ಎಂದೆ. "ಪಕ್ಕದ ಮನೆಯವರು ಬುಟ್ಟಿ ಹಿಡ್ಕೊಂಡು ಬಂದು, ಅದನ್ನ ನೋಡಿ ವಾಪಸ್ ಹೋದ್ರು. ಬಿದ್ದಿಲ್ಲ ನಿನ್ನ ರೋಮ್."