ದೊಡ್ಡವ್ವ ಒಪ್ಪಿದ ಸಮುದ್ರ

ಸಮುದ್ರದ ಕುಲಗೋತ್ರ ವಿಚಾರಿಸಿದ ಹೆಂಗಸು ಈ ಭೂಮಿ ಮೇಲೆ ಯಾರಾದರೂ ಇದ್ದರೆ ಅವಳು ನಮ್ಮ ದೊಡ್ಡವ್ವ! ಹನಕೆರೆಯವಳು, ನಮ್ಮಮ್ಮನ ಸ್ವಂತ ಅಕ್ಕ. ನಗಬೇಡಿ, ಪೂರ್ತಿ ಕೇಳಿ.

ದೊಡ್ಡವ್ವನಿಗೆ ಇರುವುದು ಒಂದೇ ಹುಚ್ಚು, ಸಂಬಂಧ ಕುದುರಿಸುವುದು. ಇತ್ತ ಮದ್ದೂರು, ಅತ್ತ ಬೆಳಕವಾಡಿ, ನಡುವೆ ಯಾವ ಊರಿಗೆ ಹೋದರೂ ಅವಳು ಕೂಡಿಸಿದ ಜೋಡಿ ಎದುರಾಗುತ್ತದೆ. ದುಡ್ಡಿಗಲ್ಲ, ಹೋಳಿಗೆ ಊಟಕ್ಕೂ ಅಲ್ಲ, ಬರೀ ಚಟಕ್ಕೆ! ನನ್ನನ್ನು ಮಳವಳ್ಳಿಗೆ ಕೊಡಿಸಿದವಳೂ ಅವಳೇ. ಗಂಡನ ಮೇಲೆ ದೂರು ಹೊತ್ತುಕೊಂಡು ಹೋದರೆ, "ವಾರಂಟಿ ಮುಗ್ದೋಗದೆ ಕಣಮ್ಮಿ, ಈಗ ವಾಪಸ್ ತಗಳಾಕಿಲ್ಲ" ಎಂದು ಕಾಫಿ ಕೊಟ್ಟು ಕಳಿಸುತ್ತಾಳೆ.

ಕಳೆದ ಅವರೆಕಾಯಿ ಕಾಲದಲ್ಲಿ, ಕಬ್ಬು ಕಡಿದು ಗದ್ದೆ ಖಾಲಿಯಾಗಿತ್ತು. ಸೋಮನಹಳ್ಳಿ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಅವಳ ಮಗನಿಗೆ ಒಂದು ವಾರ ರಜ ಸಿಕ್ಕಿತು. ಭಾನುವಾರ ಮನೆಮಂದಿಯೆಲ್ಲ ಕಾಯಿ ಬಿಡಿಸುತ್ತಾ ಕೂತಿದ್ದೆವು. ನಾನೂ ಬಂದಿದ್ದೆ. ಆಸಾಮಿ ಗತ್ತಿನಿಂದ ಘೋಷಿಸಿದ: "ಎಲ್ರೂ ಗೋವಾಕ್ಕೆ ಓಗುಮ. ಟಿಟಿ ಗಾಡಿಗೆ ಯೋಳಿವ್ನಿ."

ದೊಡ್ಡವ್ವನ ಕೈ ನಿಂತಿತು. "ಯಾರ್ನ ಕೇಳಿ ಯೋಳ್ದೆ?"

"ಕೇಳದೇನವ್ವ? ಬೀಚು ಕಣವ್ವ!"

"ನಾನು ಜಲ್ಮದಲ್ಲಿ ಮೊದ್ಲು ಸಮುದ್ರ ನೋಡಕೆ ಓಯ್ತಿರದು. ಯಾವ ಸಮುದ್ರ ಅಂತ ನಾನೇ ಯೋಳ್ತೀನಿ. ನಂಗೊಪ್ಗೆ ಆಗ್ದಿದ್ರೆ ಗಾಡಿ ಅತ್ತಾಕಿಲ್ಲ, ಬುಡು."

"ಅವ್ವೋ, ಇದು ಟೂರು, ಮದ್ವೆ ಅಲ್ಲ!"

"ಒಂದ್ ವಾರ ಅವನ ಮನೇಲಿ ಇರ್ಬೇಕೋ ಬ್ಯಾಡ್ವೋ? ಅಂಗಾದ್ರೆ ವಿಚಾರಿಸ್ಬೇಕು!"

ದೊಡ್ಡಪ್ಪ ಜಗುಲಿ ಮೇಲೆ ಪೇಪರು ಓದುತ್ತಿದ್ದ. ತಲೆ ಎತ್ತಲಿಲ್ಲ. ಅವನ ಬಾಯಿಂದ ಮಾತು ಬೀಳುವುದು ನಮ್ಮ ನಾಲೆಗೆ ನೀರು ಬಿಟ್ಟಷ್ಟೇ ಅಪರೂಪ.

ಮೊಬೈಲ್ ಹಿಡಿದು ನಾನು ಕಾರ್ಯದರ್ಶಿಯಾದೆ. ಒಂದೊಂದೇ ಗಂಡಿನ ಫೋಟೋ ತೋರಿಸಿದೆ. ಹೌದು ಸ್ವಾಮಿ, ದೊಡ್ಡವ್ವನ ಲೆಕ್ಕದಲ್ಲಿ ಸಮುದ್ರವೆಂದರೆ ಗಂಡು, ನಾವು ಹೆಣ್ಣಿನ ಕಡೆಯವರು!

ಗೋವಾ ಮೊದಲ ಸುತ್ತಿಗೇ ಬಿತ್ತು. "ನಮ್ಮೂರ ಐಕಳೆಲ್ಲ ಅಲ್ಲಿಗೋಗಿ ಬಂದವ್ರೆ. ಅಲ್ಲೇನ್ ಮಾಡಿದ್ರಿ ಅಂದ್ರೆ ಒಬ್ನೂ ಮನೇಲಿ ಬಾಯ್ಬುಡಾಕಿಲ್ಲ. ಅಂಥ ಗಂಡು ಬ್ಯಾಡ!" ಮಗ ಕೆಮ್ಮಿ, ಎದ್ದು ನೀರು ಕುಡಿಯಲು ಹೋದ. ಅವನೂ ಹೋಗಿ ಬಂದವನೇ.

ಅಂಡಮಾನ್ ತೋರಿಸಿದೆ. ನೀಲಿ ನೀರು, ಬಿಳಿ ಮರಳು, ಹಸಿರು ಕಾಡು. ಲಕ್ಷಣವೇನೋ ಒಪ್ಪಿದಳು. "ಆದ್ರೆ ಇಷ್ಟು ದೂರ ಎಣ್ಣು ಕೊಟ್ರೆ ಅಬ್ಬಕ್ಕೆ ಕರ್ಕಬರಾಕೆ ಅಣ್ತಮ್ದೀರು ಈಜ್ಕಂಡು ಓಗ್ಬೇಕಾ?" ಅದೂ ಹೋಯಿತು. ಕೇರಳದ ಒಂದು ಬೀಚಿನ ಫೋಟೋ ನೋಡಿ, "ಇವ್ನು ಪೌಡ್ರು ಬಳ್ಕಂಡವ್ನೆ. ಬೆಳಗ್ಗೆ ಎದ್ದ ಮಖದ್ದು ಇಲ್ವಾ?" ಎಂದಳು. ಎದ್ದ ಮುಖದ ಫೋಟೋ ಯಾವ ಬೀಚಿನವರು ಹಾಕುತ್ತಾರೆ, ನೀವೇ ಹೇಳಿ!

ಕೊನೆಗೆ ಮರವಂತೆ ಬಂತು. ಒಂದು ಕಡೆ ಸಮುದ್ರ, ಒಂದು ಕಡೆ ಹೊಳೆ, ನಡುವೆ ರಸ್ತೆ. ದೊಡ್ಡವ್ವ ಕನ್ನಡಕ ಹಾಕಿಕೊಂಡಳು. "ಗಂಡನ ಮನೆ ಎದುರ್ಗೇ ತವರು ಮನೆ! ಸಿಟ್ಟು ಬಂದ್ರೆ ರಸ್ತೆ ದಾಟಿದ್ರೆ ಆಯ್ತು. ಇಲ್ಲಿಗೆ ಫೋನ್ ಆಕು."

ಹೋಮ್‌ಸ್ಟೇ ಮಾಲೀಕ ಕುಂದಾಪುರದ ಕಡೆಯವನು. ಬಾಡಿಗೆ ಹೇಳಲು ಬಾಯಿ ತೆರೆಯುವಷ್ಟರಲ್ಲಿ ದೊಡ್ಡವ್ವ ಕೇಳಿದಳು: "ಅದಿರ್ಲಿ, ನಿಮ್ ಸಮುದ್ರದ ಗುಣ ಎಂಗೆ?"

ಆ ಪುಣ್ಯಾತ್ಮ ಒಂದು ಕ್ಷಣವೂ ತಬ್ಬಿಬ್ಬಾಗಲಿಲ್ಲ. "ಮಳಿಗಾಲ್ದಗೆ ಸಿಟ್ಟ್ ಜಾಸ್ತಿ ಕಾಣಿ ಅಮ್ಮ. ಈಗ ಪಾಪದ್ದೇ. ಆದ್ರೂ ಮೊಣಕಾಲಿಂದ ಮುಂದ್ ಹೋಪುದ್ ಬ್ಯಾಡ, ಎಳಿತ್ತ್."

"ನೋಡಿದ್ಯಾ? ತನ್ ಕಡೆ ಉಳುಕ ತಾನೇ ಯೋಳ್ತಾವ್ನೆ. ಒಳ್ಳೆ ಮನೆತನ!"

ಅಲ್ಲಿಗೆ ಮುಗಿಯಿತೇ? ಇಲ್ಲ! ಕರಾವಳಿಗೆ ಬೆಲ್ಲ ಒಯ್ಯುವ ಲಾರಿ ಡ್ರೈವರನೊಬ್ಬ ಹನಕೆರೆಯಲ್ಲೇ ಇದ್ದಾನೆ. ಅವನ ಮದುವೆಯೂ ದೊಡ್ಡವ್ವನದೇ ಕೃಪೆ. "ಯೋಳ್ದೆ ಕೇಳ್ದೆ ಓಗ್ ನಿಂತ್ಕ, ನಾವು ಅಂತ ಗೊತ್ತಾಗ್ಬಾರ್ದು" ಎಂದು ಅವನನ್ನು ಗುಟ್ಟಾಗಿ ಕಳಿಸಿದಳು. ಯಾರಿಗೆ ಗೊತ್ತಾಗಬಾರದು? ಸಮುದ್ರಕ್ಕೆ! ಅವನು ವಿಡಿಯೋ ಕಳಿಸಿದ. ಬೆಳಗ್ಗೆ ಎದ್ದ ಮುಖದ್ದೇ.

ಮಗ ರೇಗಿದ. "ಗೋವಾ ಬುಟ್ಟು ರಸ್ತೆ ಪಕ್ಕದ ನೀರು ನೋಡಾಕೆ ಓಗ್ಬೇಕಾ? ಅದು ಚೆನ್ನಾಗಿಲ್ದಿದ್ರೆ ಇನ್ಮೇಲೆ ಈ ಮನೇಲಿ ಯಾವ್ದುಕ್ಕೂ ನಿನ್ನ ಕೇಳಾಕಿಲ್ಲ ಕಣವ್ವ, ನೆಪ್ಪಿಟ್ಕ!"

"ಈಗೇನು ಕೇಳಿ ಕೇಳಿ ಸುಸ್ತಾಗಿದ್ದೀಯೇನ್ಲಾ?" ಎಂದಳು ದೊಡ್ಡವ್ವ. ಆದರೆ ಗಾಡಿಯಲ್ಲಿ ದಾರಿಯುದ್ದಕ್ಕೂ ಅವಳು ಸೆರಗಿನ ತುದಿ ಸುತ್ತುತ್ತಾ, ಬಿಚ್ಚುತ್ತಾ ಕೂತಿದ್ದಳು. ನೂರು ಮದುವೆ ಮಾಡಿಸಿದವಳಿಗೂ ತನ್ನ ಆಯ್ಕೆ ತಪ್ಪಾದರೆ ಎಂಬ ಪುಕುಪುಕು!

ಕುಂದಾಪುರ ದಾಟಿತು. ಒಂದು ತಿರುವು, ಅಷ್ಟೇ. ಎಡಕ್ಕೆ ಸಮುದ್ರ ರಸ್ತೆಗೇ ಬಂದು ಅಪ್ಪಳಿಸುತ್ತಿದೆ, ಬಲಕ್ಕೆ ತೆಂಗಿನ ನೆರಳು ಹೊತ್ತ ಹೊಳೆ ಮಿಸುಕದೆ ಮಲಗಿದೆ. ಮಗ ಗಾಡಿ ನಿಲ್ಲಿಸಲು ಹೇಳಿ, ಇಳಿದು, ಎರಡೂ ಕಡೆ ನೋಡಿ, ಅವ್ವನ ಕಿಟಕಿ ಹತ್ತಿರ ಬಂದ. "ಗೋವಾ ಏನೂ ಅಲ್ಲ ಕಣವ್ವೋ!" ಗೆದ್ದಳು! ಗಾಡಿಯೊಳಗೆ ನಾವು ಹಾಕಿದ ಕೂಗು ಹನಕೆರೆಗೇ ಕೇಳಿಸಿರಬೇಕು.

ವಾರವೆಲ್ಲ ಸುಗ್ಗಿ. ಹೊಳೆಯಲ್ಲಿ ದೋಣಿ, ಕೊಲ್ಲೂರಿನ ಕಾಡು, ಕೊಡಚಾದ್ರಿಯ ಗಾಳಿ. "ಗಂಡಿನ ಕಡೆ ನೆಂಟ್ರೂ ವಾಸಿ" ಎಂದು ಸರ್ಟಿಫಿಕೇಟು ಕೊಟ್ಟಳು. ಸಮುದ್ರಕ್ಕೆ ಮಾತ್ರ ಕಾಲು ಅದ್ದಲಿಲ್ಲ. ದಿನಾ ಸಂಜೆ ಮರಳಿನ ಮೇಲೆ ನಿಂತು ನೋಡುತ್ತಿದ್ದಳು. ನಾವು ಕರೆದರೆ "ತಡೀರಿ" ಎನ್ನುತ್ತಿದ್ದಳು.

ಕೊನೆಯ ಸಂಜೆ ದೊಡ್ಡಪ್ಪ ಪಂಚೆ ಎತ್ತಿ ಕಟ್ಟಿಕೊಂಡು ಅವಳ ಪಕ್ಕ ಬಂದು ನಿಂತ. "ಏನಮ್ಮಿ, ಒಪ್ಗೆ ಆಯ್ತಾ?"

ದೊಡ್ಡವ್ವ ಸಮುದ್ರವನ್ನೇ ನೋಡುತ್ತಾ ಹೇಳಿದಳು: "ಈ ಮಾತ ನನ್ ಮದ್ವೇಲಿ ಯಾರೂ ಕೇಳ್ನಿಲ್ಲ. ಅಪ್ಪ ಮಾತು ಕೊಟ್ಟು ಬಂದ್ಬುಟ್ಟಿದ್ರು. ಧಾರೇಲಿ ಪರದೆ ತಗ್ದಾಗ್ಲೇ ನಾನು ನಿಮ್ ಮಖ ಕಂಡಿದ್ದು."

ಹಿಂದೆ ಮರಳಲ್ಲಿ ಕೂತಿದ್ದ ನನಗೆ ನನ್ನ ಮದುವೆ ನೆನಪಾಯಿತು. ಮದುವೆಗೆ ಮುಂಚೆ ನನ್ನನ್ನು ಒಳಮನೆಗೆ ಕರೆದು, ಬಾಗಿಲು ಹಾಕಿ, "ನಿಂಗೊಪ್ಗೆನಾ ಮಗ? ಇಲ್ದಿದ್ರೆ ಈಗ್ಲೇ ಯೋಳು, ನಾನ್ ನೋಡ್ಕತೀನಿ" ಎಂದು ಕೇಳಿದ್ದಳು. ಎಲ್ಲ ಹುಡುಗಿಯರನ್ನೂ ಹೀಗೇ ಕೇಳುತ್ತಿದ್ದಳು. ಅದನ್ನು ಚಟ ಅಂದೆನಲ್ಲ, ನನ್ನ ಬಾಯಿಗೆ ಮಣ್ಣು ಹಾಕ!

"ಕೇಳಿದ್ರೆ ಏನಂತಿದ್ದೆ?" ದೊಡ್ಡಪ್ಪ ಅವಳ ಕಡೆ ತಿರುಗಿದ.

"ಒಪ್ಗೆ ಅಂತ್ಲೇ ಅಂತಿದ್ದೆ. ಆದ್ರೆ ನಾನೇ ಅಂದಂಗಾಯ್ತಿತ್ತು."

"ಈಗ ಕೇಳ್ತಾವ್ನಿ. ಯೋಳು."

ಮೊಮ್ಮಕ್ಕಳನ್ನು ಕಂಡ ಹೆಂಗಸು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ಆಮೇಲೆ ತಾನೇ ಅವನ ಕೈ ಹಿಡಿದು, "ಒಪ್ಗೆ ಕಣ್ ಬನ್ನಿ" ಎಂದು ಅಲೆಯೊಳಕ್ಕೆ ಎಳೆದುಕೊಂಡು ಹೋದಳು.